ಪೊರೆಯೂ ಇದೆ, ಕಾರ್ನಿಯಾವೂ ಊದಿದೆ: ಎರಡನ್ನೂ ಒಂದೇ ಸಲ ಮಾಡಿಸಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 66 ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬರೀ ಪೊರೆ ಅಂದುಕೊಂಡು ತೋರಿಸಲು ಹೋದರೆ ಕಾರ್ನಿಯಾದ ಒಳಪದರವೂ ದುರ್ಬಲವಾಗಿದೆ, ‘ಫುಕ್ಸ್ ಡಿಸ್ಟ್ರೋಫಿ’ ಅಂದರು. ಬೆಳಿಗ್ಗೆ ಎದ್ದಾಗ ಎಲ್ಲ ಮಂಜುಮಂಜು ಅನ್ನುತ್ತಾರೆ, ಹನ್ನೊಂದು ಗಂಟೆ ಹೊತ್ತಿಗೆ ಸ್ವಲ್ಪ ವಾಸಿ. ಒಬ್ಬ ವೈದ್ಯರು ಪೊರೆ ತೆಗೆದು ಕಾರ್ನಿಯಾ ಕಸಿಯನ್ನೂ ಅದೇ ಸಲಕ್ಕೆ ಮುಗಿಸೋಣ ಅನ್ನುತ್ತಾರೆ. ಇನ್ನೊಬ್ಬರು ಮೊದಲು ಪೊರೆ ತೆಗೆಯೋಣ, ಕಾರ್ನಿಯಾ ಆಮೇಲೆ ನೋಡೋಣ ಅನ್ನುತ್ತಾರೆ. ಹಿಂದೆ ನಮ್ಮ ಸಂಬಂಧಿಕರೊಬ್ಬರಿಗೆ ಕಸಿ ಮಾಡಿದಾಗ ಕಣ್ಣಿಗೆ ಹದಿನಾರು ಹೊಲಿಗೆ ಹಾಕಿದ್ದರು, ವರ್ಷಗಟ್ಟಲೆ ಒದ್ದಾಡಿದರು. ಒಟ್ಟಿಗೆ ಮಾಡುವುದು ಅಂದರೆ ನಿಜಕ್ಕೂ ಏನು ಮಾಡುತ್ತಾರೆ? ಯಾರ ಮಾತು ಕೇಳುವುದು? ಯಾವ ಲೆನ್ಸ್ ಹಾಕಿಸುವುದು?

ಉತ್ತರ: ನಿಮ್ಮ ಪ್ರಶ್ನೆ ಓದುತ್ತಾ ನಾನು ತಡೆದು ನಿಂತದ್ದು ‘ಹನ್ನೊಂದು ಗಂಟೆ’ ಅನ್ನುವ ಮಾತಿನ ಹತ್ತಿರ. ಪೊರೆಗೆ ಗಡಿಯಾರ ಗೊತ್ತಿಲ್ಲ. ಪೊರೆಯಿಂದ ಬರುವ ಮಸುಕು ಬೆಳಿಗ್ಗೆ ಎಷ್ಟಿರುತ್ತದೋ ಸಂಜೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿಸಿಲಿನಲ್ಲಿ, ಎದುರಿಗೆ ಬರುವ ವಾಹನದ ದೀಪದಲ್ಲಿ ಹೆಚ್ಚು ಕಾಡಬಹುದು, ಅಷ್ಟೇ. ಎದ್ದ ಕೂಡಲೇ ಮಂಜು, ಹೊತ್ತೇರಿದ ಹಾಗೆ ತಿಳಿಯಾಗುವುದು ಅಂದರೆ ಅದು ಕಾರ್ನಿಯಾದ ಕೆಲಸ.

ಯಾಕೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಕಾರ್ನಿಯಾ ಅಂದರೆ ಕಣ್ಣಿನ ಮುಂದಿರುವ ಗಾಜಿನಂಥ ಗುಮ್ಮಟ. ನಡುವಿನಲ್ಲಿ ಅದರ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಆ ದಪ್ಪದ ಬಹುಪಾಲು ಸ್ಟ್ರೋಮಾ ಅನ್ನುವ ನಾರಿನ ಪದರ. ಅದರ ಸ್ವಭಾವ ಸ್ಪಂಜಿನದು, ನೀರು ಸಿಕ್ಕರೆ ಕುಡಿಯುತ್ತಲೇ ಇರುತ್ತದೆ, ಕುಡಿದಷ್ಟೂ ಊದಿ ಮಬ್ಬಾಗುತ್ತದೆ. ಹಾಗಾಗದಂತೆ ಕಾಯುವುದು ಒಳಮೈಯಲ್ಲಿ ಒಂದೇ ಸಾಲಾಗಿ ಹಾಸಿರುವ ಎಂಡೋಥೀಲಿಯಂ ಕೋಶಗಳು. ಡೆಸಿಮೆಟ್ ಪದರ ಅನ್ನುವ ತೆಳು ಹಾಳೆಯ ಮೇಲೆ ಕೂತು ಅವು ಹಗಲೂ ರಾತ್ರಿ ನೀರನ್ನು ಪಂಪು ಮಾಡಿ ಹೊರಗೆ ಹಾಕುತ್ತಿರುತ್ತವೆ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ 2,500ರ ಆಸುಪಾಸು ಕೋಶಗಳಿರುತ್ತವೆ. ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ, ಪಕ್ಕದವು ಕೈಕಾಲು ಚಾಚಿ ಜಾಗ ತುಂಬುತ್ತವೆ. ಎಣಿಕೆ 500ರ ಹತ್ತಿರಕ್ಕೆ ಇಳಿದರೆ ಪಂಪು ಸೋಲತೊಡಗುತ್ತದೆ. ಹಗಲು ಕಣ್ಣು ತೆರೆದಿರುವಾಗ ನೀರು ಮೇಲ್ಮೈಯಿಂದಲೂ ಆವಿಯಾಗುತ್ತದೆ, ಸೋತ ಪಂಪಿಗೆ ಅದೇ ಒಂದು ಸಹಾಯ. ರಾತ್ರಿ ರೆಪ್ಪೆ ಮುಚ್ಚಿದರೆ ಆ ಸಹಾಯವೂ ಇಲ್ಲ. ಅದಕ್ಕೇ ಬೆಳಿಗ್ಗೆಯ ಮಂಜು.

ಈ ಕೋಶಗಳು ಅವಧಿಗೆ ಮುಂಚೆ ಉದುರುವ, ಎಷ್ಟೋ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಕಾಯಿಲೆಯೇ ಫುಕ್ಸ್ ಡಿಸ್ಟ್ರೋಫಿ. ವಿಯೆನ್ನಾದ ನೇತ್ರತಜ್ಞ ಅರ್ನ್ಸ್ಟ್ ಫುಕ್ಸ್ 1910ರಲ್ಲಿ ವಿವರಿಸಿದ್ದರಿಂದ ಆ ಹೆಸರು. ಹೆಂಗಸರಲ್ಲಿ ಹೆಚ್ಚು. ತೊಂದರೆ ಕೊಡಲು ಶುರುಮಾಡುವುದು ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ, ಅಂದರೆ ಸರಿಯಾಗಿ ಪೊರೆ ಬರುವ ಕಾಲಕ್ಕೇ. ನಿಮ್ಮ ತಾಯಿಯವರಿಗೆ ಎರಡೂ ಜೊತೆಗೆ ಬಂದಿರುವುದು ಅಪರೂಪದ ದುರದೃಷ್ಟವೇನೂ ಅಲ್ಲ, ಕಾರ್ನಿಯಾ ವೈದ್ಯರು ವಾರವಾರವೂ ನೋಡುವ ಜೋಡಿ.

ಇಬ್ಬರು ವೈದ್ಯರ ಮಾತು ಬೇರೆಬೇರೆ ಆಗಿರುವುದಕ್ಕೆ ಗಾಬರಿಯಾಗಬೇಡಿ. ಇಬ್ಬರ ತಲೆಯಲ್ಲೂ ಇರುವ ಪ್ರಶ್ನೆ ಒಂದೇ. ಪೊರೆಯನ್ನು, ಅಂದರೆ ಮಬ್ಬಾದ ಸಹಜ ಲೆನ್ಸನ್ನು, ಫೇಕೋ ಯಂತ್ರದಿಂದ ಪುಡಿಮಾಡಿ ಹೀರುವಾಗ ಅಲ್ಟ್ರಾಸೌಂಡ್ ಕಂಪನ, ಒಳಗೆ ಸುಳಿಯುವ ದ್ರವ, ತಾಗುವ ಚೂರುಗಳು ಎಲ್ಲ ಸೇರಿ ಒಂದಷ್ಟು ಎಂಡೋಥೀಲಿಯಂ ಕೋಶಗಳನ್ನು ಬಲಿ ತೆಗೆದುಕೊಳ್ಳುತ್ತವೆ. ಆರೋಗ್ಯವಂತ ಕಣ್ಣಿಗೆ ಅದು ಲೆಕ್ಕಕ್ಕಿಲ್ಲದ ಖರ್ಚು. ಖಾತೆಯಲ್ಲಿ ಉಳಿದಿರುವುದೇ ಸ್ವಲ್ಪ ಅನ್ನುವ ಕಣ್ಣಿಗೆ ಹಾಗಲ್ಲ. ನಿಮ್ಮ ತಾಯಿಯವರ ಕಾರ್ನಿಯಾ ಈ ಖರ್ಚನ್ನು ತಾಳಿಕೊಳ್ಳುತ್ತದೋ ಇಲ್ಲವೋ ಅನ್ನುವ ಅಂದಾಜಿನಲ್ಲಿ ಅವರಿಬ್ಬರಿಗೂ ವ್ಯತ್ಯಾಸ ಬಂದಿದೆ.

ಮೊದಲು ನಿಮ್ಮ ಸಂಬಂಧಿಕರ ಹದಿನಾರು ಹೊಲಿಗೆಯ ವಿಷಯ, ಯಾಕೆಂದರೆ ನಿಮ್ಮ ಭಯವೆಲ್ಲ ಅಲ್ಲೇ ಕೂತಿದೆ ಅನ್ನಿಸುತ್ತದೆ. ಅವರಿಗೆ ಆದದ್ದು ಪೂರ್ತಿ ದಪ್ಪದ ಕಸಿ. ಕಾರ್ನಿಯಾದ ನಡುಭಾಗವನ್ನು ಏಳೂವರೆ ಎಂಟು ಮಿಲಿಮೀಟರಿನ ಬಿಲ್ಲೆಯಾಗಿ ಕತ್ತರಿಸಿ ತೆಗೆದು, ದಾನಿಯ ಕಣ್ಣಿನಿಂದ ಕಾಲು ಮಿಲಿಮೀಟರಿನಷ್ಟು ದೊಡ್ಡದಾಗಿ ಕತ್ತರಿಸಿದ ಬಿಲ್ಲೆಯನ್ನು ಅಲ್ಲಿಟ್ಟು ಸುತ್ತಲೂ ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಹೊಲಿಯುವುದು. ಮನುಷ್ಯನಲ್ಲಿ ಇಂಥ ಕಸಿ ಮೊದಲ ಬಾರಿ ನಿಂತದ್ದು 1905ರ ಡಿಸೆಂಬರಿನಲ್ಲಿ, ಈಗಿನ ಚೆಕ್ ದೇಶದ ಮೊರಾವಿಯಾ ಭಾಗದ ಓಲೊಮೌಟ್ಸ್ ಊರಿನಲ್ಲಿ, ಎಡ್ವರ್ಡ್ ಝಿರ್ಮ್ ಅವರ ಕೈಯಲ್ಲಿ. ಸುಣ್ಣ ಬಿದ್ದು ಕಣ್ಣು ಸುಟ್ಟುಕೊಂಡಿದ್ದ ಕೂಲಿಯೊಬ್ಬರಿಗೆ ಅದು ದೃಷ್ಟಿ ಕೊಟ್ಟಿತು. ಆಮೇಲಿನ ಬಹುಪಾಲು ಶತಮಾನ ಕಾರ್ನಿಯಾ ಕಸಿ ಅಂದರೆ ಹೆಚ್ಚಾಗಿ ಇದೇ.

ಇದರ ಜೊತೆಗೆ ಪೊರೆ ತೆಗೆದು ಕೃತಕ ಲೆನ್ಸ್ ಕೂಡ ಹಾಕಿದರೆ ಮೂರು ಕೆಲಸವಾಯಿತು. ಅದಕ್ಕೇ ‘ಟ್ರಿಪಲ್ ಪ್ರೊಸೀಜರ್’ ಅನ್ನುತ್ತಾರೆ. ನಾನು ಕಲಿಯುತ್ತಿದ್ದ ಕಾಲದಲ್ಲಿ ಇದನ್ನು ಮಾಡುವ ದಿನ ಆಪರೇಷನ್ ಥಿಯೇಟರಿನಲ್ಲಿ ಮಾತು ಕಡಿಮೆಯಾಗುತ್ತಿತ್ತು. ಕಾರಣ ಹೇಳುತ್ತೇನೆ. ಮಬ್ಬು ಕಾರ್ನಿಯಾದ ಮೂಲಕ ಒಳಗೆ ಏನೂ ಕಾಣುವುದಿಲ್ಲ, ಆದ್ದರಿಂದ ಮೊದಲು ಕಾರ್ನಿಯಾದ ಬಿಲ್ಲೆಯನ್ನೇ ತೆಗೆಯಬೇಕು. ತೆಗೆದ ಮೇಲೆ ಕಣ್ಣು ಮುಚ್ಚಳವಿಲ್ಲದ ಪಾತ್ರೆ. ಸೂಕ್ಷ್ಮದರ್ಶಕದ ಬೆಳಕು ನೇರ ಒಳಕ್ಕೆ ಬೀಳುತ್ತದೆ, ಐರಿಸ್ಸೂ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಲೆನ್ಸೂ ನಿಮ್ಮ ಮುಂದೆ ಬರಿಮೈಯಲ್ಲಿ ಕೂತಿರುತ್ತವೆ. ಈ ಸ್ಥಿತಿಗೆ ‘ಓಪನ್ ಸ್ಕೈ’ ಅಂತ ಹೆಸರು. ಹೆಸರು ಚೆಂದ, ಅನುಭವ ಅಷ್ಟು ಚೆಂದವಲ್ಲ. ಮುಚ್ಚಿದ ಕಣ್ಣಿನಲ್ಲಿ ಮುಂದಿನಿಂದಲೂ ಒತ್ತಡವಿರುವುದರಿಂದ ಲೆನ್ಸು ಇದ್ದಲ್ಲೇ ಇರುತ್ತದೆ. ತೆರೆದ ಕಣ್ಣಿನಲ್ಲಿ ಒತ್ತಡ ಹಿಂದಿನಿಂದ ಮಾತ್ರ. ಲೆನ್ಸು ತಾನಾಗಿ ಮೇಲೆದ್ದು ಬರತೊಡಗುತ್ತದೆ. ಅದರ ಚೀಲದ ಮುಂಗೋಡೆಯಲ್ಲಿ ದುಂಡಗೆ ಕಿಂಡಿ ಬಿಡಿಸಲು ಹೊರಟರೆ ಹರಿದ ಗೆರೆ ಅಂಚಿನ ಕಡೆಗೆ ಓಡುತ್ತದೆ. ಹೇಗೋ ಕಿಂಡಿ ಮಾಡಿ, ಪೊರೆಯ ಗಟ್ಟಿ ತಿರುಳನ್ನು ಮೆಲ್ಲಗೆ ಒತ್ತಿ ಹೊರಗೆ ತಂದು, ಉಳಿದ ಮೆದು ಭಾಗವನ್ನು ಹೀರಿ, ಚೀಲದೊಳಗೆ ಲೆನ್ಸ್ ಕೂರಿಸಿ, ದಾನಿಯ ಬಿಲ್ಲೆ ಇಟ್ಟು ನಾಲ್ಕು ದಿಕ್ಕಿಗೆ ನಾಲ್ಕು ಹೊಲಿಗೆ ಬೀಳುವ ತನಕ ಶಸ್ತ್ರವೈದ್ಯರು ಉಸಿರು ಬಿಗಿಹಿಡಿದೇ ಇರುತ್ತಾರೆ.

ಅವರು ಹೆದರುವುದು ಒಂದು ವಿಷಯಕ್ಕೆ. ಕಣ್ಣು ತೆರೆದಿರುವ ಆ ಹೊತ್ತಿನಲ್ಲಿ ಹಿಂಭಾಗದ ರಕ್ತನಾಳ ಒಡೆದರೆ, ಒಳಗೆ ತುಂಬುವ ರಕ್ತ ಕಣ್ಣಿನ ಒಳಗಿನದನ್ನೆಲ್ಲ ಕಿಂಡಿಯಿಂದ ಹೊರಗೆ ತಳ್ಳಬಹುದು. ಅಪರೂಪ, ಆದರೆ ಹಾಗೆ ಆಗಿಬಿಟ್ಟರೆ ಕಣ್ಣು ಹೋದ ಹಾಗೆಯೇ. ಅದಕ್ಕಾಗಿ ಮುಂಚಿತವಾಗಿಯೇ ಕಣ್ಣಿನ ಒತ್ತಡವನ್ನೂ ರಕ್ತದೊತ್ತಡವನ್ನೂ ಇಳಿಸುತ್ತಾರೆ, ತಲೆಯ ಭಾಗವನ್ನು ತುಸು ಎತ್ತರಿಸುತ್ತಾರೆ, ಎಷ್ಟೋ ಕಡೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕಾರ್ನಿಯಾದ ಮೂಲಕ ಸ್ವಲ್ಪವಾದರೂ ಕಾಣುವಂತಿದ್ದರೆ ಪೊರೆಯನ್ನು ಮುಚ್ಚಿದ ಕಣ್ಣಿನಲ್ಲೇ ಫೇಕೋ ಮಾಡಿ ಮುಗಿಸಿ, ಆಮೇಲೆ ಬಿಲ್ಲೆ ಕತ್ತರಿಸುವುದು ಜಾಣತನ. ಇಷ್ಟೆಲ್ಲ ಸರಿಯಾಗಿ ನಡೆದರೂ ಹೊಲಿಗೆಗಳ ಎಳೆತದಿಂದ ಕಾರ್ನಿಯಾ ಸೊಟ್ಟಗಾಗಿ, ಹೊಲಿಗೆ ಒಂದೊಂದಾಗಿ ಬಿಚ್ಚಿ ಮುಗಿಯುವ ತನಕ, ಅಂದರೆ ವರ್ಷ ಒಂದೂವರೆ ವರ್ಷ, ಕನ್ನಡಕದ ಸಂಖ್ಯೆ ನಿಲ್ಲುವುದೇ ಇಲ್ಲ. ನಿಮ್ಮ ಸಂಬಂಧಿಕರ ಒದ್ದಾಟ ಅದೇ ಇರಬೇಕು.

ನಿಮ್ಮ ತಾಯಿಯವರಿಗೆ ಇದು ಬೇಕಾಗಿಲ್ಲ. ಕಾರ್ನಿಯಾದ ಪೂರ್ತಿ ದಪ್ಪಕ್ಕೆ ಕಲೆಯಾಗಿದ್ದರೆ, ಸೋಂಕಿನಿಂದ ತೂತಾಗಿದ್ದರೆ ಈಗಲೂ ಇದೇ ದಾರಿ. ಫುಕ್ಸ್‌ನಲ್ಲಿ ಕೆಟ್ಟಿರುವುದು ಒಳಗಿನ ಒಂದು ಸಾಲು ಕೋಶ ಮತ್ತು ಅದರ ಹಾಳೆ ಮಾತ್ರ. ಗೋಡೆಯ ಸುಣ್ಣ ಉದುರಿದ್ದಕ್ಕೆ ಗೋಡೆಯನ್ನೇ ಒಡೆಯಬೇಕೇ ಅನ್ನುವ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ, ಉತ್ತರವನ್ನೂ ಕೈಯಾರೆ ಮಾಡಿ ತೋರಿಸಿದವರಲ್ಲಿ ಮುಖ್ಯರು ನೆದರ್‌ಲ್ಯಾಂಡ್ಸ್‌ನ ಗೆರಿಟ್ ಮೆಲೆಸ್. 1998ರಲ್ಲಿ ಅವರು ಒಳಪದರವನ್ನಷ್ಟೇ ಬದಲಾಯಿಸಿ, ಹೊಲಿಗೆ ಹಾಕದೆ, ಗಾಳಿಯ ಗುಳ್ಳೆಯಿಂದ ಅಂಟಿಸುವ ದಾರಿ ತೋರಿಸಿದರು. 2006ರಲ್ಲಿ ಡೆಸಿಮೆಟ್ ಪದರ ಮತ್ತು ಎಂಡೋಥೀಲಿಯಂ ಇಷ್ಟನ್ನೇ ಕಸಿ ಮಾಡುವ ವಿಧಾನ ಪ್ರಕಟಿಸಿದರು. ಈಗ ಅದನ್ನು ಡಿಮೆಕ್ ಅನ್ನುತ್ತೇವೆ. ಇವೆರಡರ ನಡುವೆ ಬೆಳೆದು ಬಂದದ್ದು ಡಿಸೆಕ್. ಅದರಲ್ಲಿ ಒಳಪದರದ ಜೊತೆಗೆ ಸ್ಟ್ರೋಮಾದ ತೆಳುವಾದ ಹೋಳೂ ಸೇರಿರುತ್ತದೆ, ಒಟ್ಟು ದಪ್ಪ ನೂರು ಮೈಕ್ರಾನಿನ ಆಸುಪಾಸು. ಡಿಮೆಕ್ ಹಾಳೆಯ ದಪ್ಪ ಬರೀ 10ರಿಂದ 15 ಮೈಕ್ರಾನ್.

ನಿಮ್ಮ ಮೊದಲ ವೈದ್ಯರು ‘ಒಂದೇ ಸಲಕ್ಕೆ’ ಅಂದದ್ದು ಬಹುಶಃ ಇದನ್ನು: ಫೇಕೋ, ಲೆನ್ಸ್, ಡಿಮೆಕ್ ಅಥವಾ ಡಿಸೆಕ್. ಹೆಸರು ಅದೇ ಟ್ರಿಪಲ್, ಆಪರೇಷನ್ ಬೇರೆಯೇ. ಕಣ್ಣು ಎಲ್ಲೂ ತೆರೆದ ಪಾತ್ರೆಯಾಗುವುದಿಲ್ಲ.

ಮೊದಲರ್ಧ ನಿಮಗೆ ಗೊತ್ತಿರುವ ಪೊರೆ ಆಪರೇಷನ್ನೇ. ಎರಡೂವರೆ ಮಿಲಿಮೀಟರಿನ ಸುಮಾರಿನ ಕಿಂಡಿ, ಅದರಲ್ಲಿ ಫೇಕೋ, ಮಡಚಿದ ಲೆನ್ಸ್. ಆದರೆ ಹಿಂದೆಯೇ ಕಸಿ ಬರಲಿದೆ ಅನ್ನುವುದು ಪ್ರತಿ ಹೆಜ್ಜೆಯನ್ನೂ ಸ್ವಲ್ಪ ತಿದ್ದುತ್ತದೆ. ಕಾರ್ನಿಯಾ ಮಬ್ಬಾಗಿದ್ದರೆ ಮೇಲಿನ ಚರ್ಮದಂಥ ಪದರವನ್ನು ಕೆರೆದು ನೋಟ ತಿಳಿ ಮಾಡಿಕೊಳ್ಳಬೇಕು. ಲೆನ್ಸಿನ ಚೀಲ ಕಾಣಲು ಟ್ರಿಪಾನ್ ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಬೇಕು. ಚೀಲದ ಕಿಂಡಿಯನ್ನು ಲೆನ್ಸಿನ ಅಗಲಕ್ಕಿಂತ ಚಿಕ್ಕದಾಗಿ, ಐದು ಮಿಲಿಮೀಟರಿನಷ್ಟಕ್ಕೇ ನಿಲ್ಲಿಸಬೇಕು. ಮುಂದೆ ಗಾಳಿ ತುಂಬುವಾಗ, ಮುಂಗೋಣೆಯ (ಕಾರ್ನಿಯಾ ಮತ್ತು ಐರಿಸ್ಸಿನ ನಡುವಿನ ದ್ರವ ತುಂಬಿದ ಜಾಗ) ಆಳ ತಗ್ಗಿಸುವಾಗ ಲೆನ್ಸು ಜಾರಿ ಮುಂದಕ್ಕೆ ಬರಬಾರದಲ್ಲ. ಕಣ್ಣಿನೊಳಗೆ ಜಾಗ ಹಿಡಿದಿಡಲು ತುಂಬುವ ಜೆಲ್ಲಿನಲ್ಲೂ ಆಯ್ಕೆ ಇದೆ. ಬರೀ ಪೊರೆ ತೆಗೆಯುವಾಗ ಕೋಶಗಳಿಗೆ ಮೆತ್ತಿಕೊಂಡು ಕಾಪಾಡುವ ಜೆಲ್ ಒಳ್ಳೆಯದು. ಕಸಿಯೂ ಇದ್ದರೆ ಹಿಡಿಯಾಗಿ ಎದ್ದು ಬರುವ ಜೆಲ್ಲೇ ವಾಸಿ, ಒಂದಿಷ್ಟು ಉಳಿದರೂ ಹೊಸ ಹಾಳೆ ಅಂಟುವುದಿಲ್ಲ. ಪೊರೆಗಾಗಿ ಹಿಗ್ಗಿಸಿದ್ದ ಪಾಪೆಯನ್ನು ಲೆನ್ಸ್ ಕೂತ ಕೂಡಲೇ ಔಷಧಿ ಹಾಕಿ ಕಿರಿದಾಗಿಸುತ್ತಾರೆ. ಹಿಗ್ಗಿದ ಪಾಪೆಯ ಮೇಲೆ ಹಾಳೆ ಬಿಡಿಸಲು ಹೋದರೆ ಅದು ಲೆನ್ಸಿಗೆ ತಾಗಿ ಕೋಶಗಳು ಕೆರೆದುಹೋಗುತ್ತವೆ, ಒಮ್ಮೊಮ್ಮೆ ಲೆನ್ಸಿನ ಹಿಂದಕ್ಕೇ ನುಸುಳುತ್ತದೆ.

ಆಮೇಲೆ ಕಾಯಿಲೆಯ ಪದರ. ಎಂಟು ಮಿಲಿಮೀಟರಿನ ವೃತ್ತ ಗುರುತು ಮಾಡಿಕೊಂಡು, ತುದಿ ಮೇಲ್ಮುಖವಾಗಿ ಬಾಗಿದ ಕೊಕ್ಕೆಯಿಂದ ಒಳಮೈಯ ಹಾಳೆಯನ್ನು ಗೀರಿ, ಬಾಳೆಎಲೆಯ ಒಣ ಅಂಚು ಸುಲಿದ ಹಾಗೆ ಎತ್ತಿ ತೆಗೆಯುತ್ತಾರೆ. ಐರಿಸ್ಸಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಮಾಡುವುದನ್ನು ಮರೆಯುವ ಹಾಗಿಲ್ಲ, ಕಾರಣ ಮುಂದೆ ಬರುತ್ತದೆ.

ಡಿಮೆಕ್ಕಿನ ನಿಜವಾದ ಆಟ ಶುರುವಾಗುವುದು ಇಲ್ಲಿ. ದಾನಿಯ ಕಾರ್ನಿಯಾದಿಂದ ಸುಲಿದ ಹಾಳೆ ದ್ರವಕ್ಕೆ ಬಿದ್ದ ಕೂಡಲೇ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಕೋಶಗಳಿರುವ ಮುಖ ಯಾವಾಗಲೂ ಹೊರಗೆ. ನೀಲಿ ಬಣ್ಣ ಹಚ್ಚದಿದ್ದರೆ ಕಣ್ಣಿಗೆ ಕಾಣುವುದೂ ಇಲ್ಲ. ಗಾಜಿನ ನಳಿಗೆಯಲ್ಲಿ ಹೀರಿಕೊಂಡು ಕಣ್ಣಿನೊಳಕ್ಕೆ ಬಿಟ್ಟರೆ ಒಂದು ಪುಟ್ಟ ನೀಲಿ ಸುರುಳಿ ಮುಂಗೋಣೆಯಲ್ಲಿ ತೇಲುತ್ತಿರುತ್ತದೆ. ಅದನ್ನು ಬಿಡಿಸಬೇಕು, ಆದರೆ ಮುಟ್ಟುವ ಹಾಗಿಲ್ಲ. ಮುಟ್ಟಿದಲ್ಲೆಲ್ಲ ಕೋಶ ಸಾಯುತ್ತದೆ. ಆದ್ದರಿಂದ ಕಣ್ಣಿನೊಳಗಿನ ದ್ರವವನ್ನು ತುಸು ಹೊರಬಿಟ್ಟು ಕೋಣೆಯನ್ನು ಆಳವಿಲ್ಲದಂತೆ ಮಾಡಿ, ಹೊರಗಿನಿಂದ ಕಾರ್ನಿಯಾದ ಮೇಲೆ ಟಪ್ ಟಪ್ ಅಂತ ತಟ್ಟುತ್ತಾ ಹೋಗುತ್ತೇವೆ. ಒಂದು ತಟ್ಟಿಗೆ ಸುರುಳಿಯ ಒಂದು ಮಡಿಕೆ ತೆರೆಯುತ್ತದೆ, ಇನ್ನೊಂದು ತಟ್ಟಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕೆಲವು ಹಾಳೆ ಮೂರು ನಿಮಿಷದಲ್ಲಿ ಹಾಸಿಗೆ ಬಿಡಿಸಿದಂತೆ ಮಲಗಿಬಿಡುತ್ತವೆ. ಕೆಲವು ಅರ್ಧ ಗಂಟೆ ಸತಾಯಿಸುತ್ತವೆ. ಇಲ್ಲೊಂದು ಸ್ವಾರಸ್ಯ: ಎಳೆಯ ದಾನಿಗಳ ಹಾಳೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ವಯಸ್ಸಾದವರದು ಸಡಿಲ. ಹೀಗಾಗಿ ಡಿಮೆಕ್ ಮಾಡುವವರು ಇಪ್ಪತ್ತರ ದಾನಿಗಿಂತ ಅರವತ್ತರ ದಾನಿಯ ಕಾರ್ನಿಯಾವನ್ನೇ ಇಷ್ಟಪಡುತ್ತಾರೆ. ವಯಸ್ಸಾಯಿತು, ನನ್ನ ಕಣ್ಣು ಯಾರಿಗೆ ಬೇಕು ಅನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಹಾಳೆ ತಲೆಕೆಳಗಾಗಿ ಕೂತರೆ ಪಂಪು ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಮೊದಲೇ ಅದರ ಮೇಲೆ ಒಂದು ಅಕ್ಷರದ ಮುದ್ರೆ ಒತ್ತಿರುತ್ತಾರೆ, ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಂಡರೆ ಹಾಳೆ ಮಗುಚಿದೆ ಅಂತ ಗೊತ್ತಾಗುತ್ತದೆ. ಸರಿಯಾಗಿ ಹರಡಿಕೊಂಡ ಮೇಲೆ ಅದರ ಕೆಳಗೆ ಗಾಳಿ ಅಥವಾ ಗಾಳಿ ಬೆರೆಸಿದ ಎಸ್‌ಎಫ್6 ಅನಿಲದ ಗುಳ್ಳೆ ಬಿಡುತ್ತಾರೆ. ಗುಳ್ಳೆ ಹಾಳೆಯನ್ನು ಮೇಲಕ್ಕೆತ್ತಿ ಕಾರ್ನಿಯಾಕ್ಕೆ ಒತ್ತಿ ಹಿಡಿಯುತ್ತದೆ. ಹಾಳೆಗೆ ಒಂದು ಹೊಲಿಗೆಯೂ ಇಲ್ಲ.

ಗುಳ್ಳೆ ಮೇಲಕ್ಕೆ ಒತ್ತಬೇಕಾದರೆ ಕಾರ್ನಿಯಾ ಮೇಲಿರಬೇಕು, ಅಂದರೆ ರೋಗಿ ಅಂಗಾತ ಮಲಗಿ ಸೂರು ನೋಡುತ್ತಿರಬೇಕು. ಮೊದಲ ದಿನ ಬಹುಪಾಲು ಹೊತ್ತು ಹಾಗೆ ಮಲಗಿಸುತ್ತಾರೆ, ಆಮೇಲೆ ಗುಳ್ಳೆ ಕರಗುವ ತನಕ ಸಾಧ್ಯವಾದಷ್ಟು. ಬರೀ ಗಾಳಿಯಾದರೆ ಕೆಲವೇ ದಿನ, ಅನಿಲವಾದರೆ ಇನ್ನಷ್ಟು ದಿನ. ಗುಳ್ಳೆ ಪಾಪೆಯನ್ನು ಮುಚ್ಚಿ ಒಳಗಿನ ದ್ರವಕ್ಕೆ ದಾರಿ ಕಟ್ಟಿದರೆ ಒತ್ತಡ ಸರ್ರನೆ ಏರುತ್ತದೆ, ಐರಿಸ್ಸಿನ ಆ ಸಣ್ಣ ತೂತು ಇರುವುದು ಇದಕ್ಕೇ. ಆಪರೇಷನ್ ಆದ ರಾತ್ರಿ ಕಣ್ಣು ಸಿಡಿಯುವಂಥ ನೋವು, ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಗುಳ್ಳೆ ಇರುವಷ್ಟು ದಿನ ವಿಮಾನ ಹತ್ತುವಂತಿಲ್ಲ, ಮೇಲೆ ಹೋದಂತೆ ಅದು ಹಿಗ್ಗುತ್ತದೆ. ನನ್ನ ರೋಗಿಯೊಬ್ಬರು, ನಿವೃತ್ತ ಗಣಿತದ ಮೇಷ್ಟ್ರು, ಗುಳ್ಳೆಯ ಅಂಚು ತಮಗೆ ಎಲ್ಲಿ ಕಾಣುತ್ತದೆ ಅಂತ ದಿನವೂ ಗೀಟು ಹಾಕಿ ಇಟ್ಟುಕೊಂಡು, ಇಂಥ ದಿನ ಕರಗುತ್ತದೆ ಅಂತ ನನಗೇ ಹೇಳಿದ್ದರು. ಒಂದು ದಿನ ಹಿಂದುಮುಂದಾಯಿತು ಅಷ್ಟೇ.

ಕೆಲವರಲ್ಲಿ ಹಾಳೆಯ ಅಂಚು ಬಿಟ್ಟುಕೊಳ್ಳುತ್ತದೆ. ಹೆಚ್ಚು ಬಿಟ್ಟರೆ ಮತ್ತೊಮ್ಮೆ ಗಾಳಿ ತುಂಬುತ್ತಾರೆ, ಕೆಲವೇ ನಿಮಿಷದ ಕೆಲಸ. ಇದನ್ನು ವೈಫಲ್ಯ ಅಂದುಕೊಳ್ಳಬೇಡಿ, ಡಿಮೆಕ್ ಜೊತೆಗೆ ಬರುವ ಬಾಬತ್ತು ಅಂದುಕೊಳ್ಳಿ. ಮೊದಲೇ ಕೇಳಿ ತಿಳಿದಿದ್ದರೆ ಆ ದಿನ ಕಂಗಾಲಾಗುವುದಿಲ್ಲ.

ಡಿಸೆಕ್ ಇಷ್ಟು ನಾಜೂಕಿನದಲ್ಲ. ಆ ಹೋಳಿನಲ್ಲಿ ಮೈಯಿದೆ, ಹೇಳಿದ ಮಾತು ಕೇಳುತ್ತದೆ. ಗ್ಲಾಕೋಮಾಕ್ಕೆ ಕೊಳವೆ ಹಾಕಿದ ಕಣ್ಣು, ಐರಿಸ್ ಹರಿದ ಕಣ್ಣು, ಹಿಂಭಾಗ ತುಂಬಿರುವ ವಿಟ್ರಿಯಸ್ ಅನ್ನುವ ಲೋಳೆ ತೆಗೆದ ಕಣ್ಣು, ಇಂಥಲ್ಲಿ ನಾನು ಡಿಸೆಕ್ ಅನ್ನೇ ಆರಿಸುತ್ತೇನೆ. ಉಳಿದ ಕಡೆ ಡಿಮೆಕ್ಕಿನಲ್ಲಿ ನೋಟ ಬೇಗ ಬರುತ್ತದೆ, ತುಸು ಹೆಚ್ಚು ಚುರುಕಾಗಿರುತ್ತದೆ, ದೇಹ ಕಸಿಯನ್ನು ತಿರಸ್ಕರಿಸುವುದೂ ಕಡಿಮೆ. 2012ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಎರಡು ವರ್ಷದೊಳಗೆ ತಿರಸ್ಕಾರ ಕಂಡ ಪ್ರಮಾಣ ಪೂರ್ತಿ ದಪ್ಪದ ಕಸಿಯಲ್ಲಿ ಶೇ. 18, ಡಿಸೆಕ್ ಬಗೆಯ ಕಸಿಯಲ್ಲಿ ಶೇ. 12, ಡಿಮೆಕ್ಕಿನಲ್ಲಿ ಶೇ. 1. ಒಂದು ಮಾತು ಮಾತ್ರ ನೇರವಾಗಿ ಹೇಳಬೇಕು. ಒಳ್ಳೆಯ ಡಿಸೆಕ್ ಮಾಡುವ ಕೈ, ವರ್ಷಕ್ಕೆ ನಾಲ್ಕು ಡಿಮೆಕ್ ಮಾಡುವ ಕೈಗಿಂತ ಮೇಲು. ನಿಮ್ಮ ವೈದ್ಯರಿಗೆ ಯಾವುದು ಅಭ್ಯಾಸವಿದೆ ಅಂತ ಕೇಳುವುದು ಅವಮಾನವಲ್ಲ.

ಇನ್ನು ಎರಡನೇ ವೈದ್ಯರ ಮಾತು, ಮೊದಲು ಪೊರೆ ಮಾತ್ರ ಅನ್ನುವುದು. ಅದನ್ನೂ ತಳ್ಳಿಹಾಕಬೇಡಿ. ಸೂಕ್ಷ್ಮದರ್ಶಕದಲ್ಲಿ ಡೆಸಿಮೆಟ್ ಹಾಳೆಯ ಮೇಲೆ ಫುಕ್ಸ್‌ನ ಗುರುತಾದ ಹನಿ ಹನಿಯಂಥ ಉಬ್ಬು ಕಂಡ ಮಾತ್ರಕ್ಕೆ ಕಸಿ ಬೇಕಾಗಿಲ್ಲ. ಎಷ್ಟೋ ಜನಕ್ಕೆ ಬರೀ ಪೊರೆ ತೆಗೆದರೆ ಸಾಕು, ಕಾರ್ನಿಯಾ ವರ್ಷಾನುಗಟ್ಟಲೆ ತಾಳಿಕೊಳ್ಳುತ್ತದೆ. ತಾಳದೇ ಹೋದರೂ ಮುಂದೊಂದು ದಿನ ಡಿಮೆಕ್ ಮಾಡಬಹುದು. ಕೃತಕ ಲೆನ್ಸ್ ಕೂತು ನೆಲೆಯಾದ ಕಣ್ಣಿನಲ್ಲಿ ಡಿಮೆಕ್ ಮಾಡುವುದು ನಮಗೆ ಸಲೀಸು ಕೂಡ. ಹಿಂದೆ ಕಾರ್ನಿಯಾದ ದಪ್ಪ 640 ಮೈಕ್ರಾನ್ ದಾಟಿದ್ದರೆ ಜೊತೆಗೇ ಕಸಿ ಅನ್ನುವ ಲೆಕ್ಕ ಇಟ್ಟುಕೊಂಡಿದ್ದರು. ಒಂದೇ ಅಂಕಿಯನ್ನು ನಂಬುವುದು ಕಷ್ಟ. ಹುಟ್ಟಿನಿಂದಲೇ 500 ಇದ್ದ ಕಾರ್ನಿಯಾ 600 ಆಗಿದ್ದರೆ ಚೆನ್ನಾಗಿಯೇ ಊದಿದೆ, 620 ಇದ್ದದ್ದು 630 ಆಗಿದ್ದರೆ ಏನೂ ಆಗಿಲ್ಲ. ಈಗ ಟೊಮೊಗ್ರಫಿಯ ನಕ್ಷೆ, ಅಂದರೆ ಕಾರ್ನಿಯಾದ ಆಕಾರವನ್ನೂ ದಪ್ಪವನ್ನೂ ಜಾಗಜಾಗಕ್ಕೆ ಅಳೆದ ಚಿತ್ರ, ನೋಡುತ್ತೇವೆ. ದಪ್ಪದ ವೃತ್ತಗಳು ಕ್ರಮ ತಪ್ಪಿವೆಯೇ, ಅತಿ ತೆಳುವಾದ ಜಾಗ ಪಕ್ಕಕ್ಕೆ ಸರಿದಿದೆಯೇ, ಹಿಂಬದಿ ಕುಳಿ ಬಿದ್ದಿದೆಯೇ, ಇವು ಮೂರೂ ಕಣ್ಣಿಗೆ ಕಾಣದ ಊತದ ಗುರುತು. ಅದರ ಜೊತೆಗೆ ಬೆಳಿಗ್ಗೆಯ ಮಂಜೂ ಇದ್ದರೆ ಪಂಪು ಆಗಲೇ ಸೋಲುತ್ತಿದೆ ಅಂತ ಅರ್ಥ.

ನನ್ನ ಅಭಿಪ್ರಾಯ ಕೇಳಿದರೆ: 66 ವರ್ಷ, ದಿನದ ಕೆಲಸಕ್ಕೆ ಅಡ್ಡಿಯಾಗುವ ಪೊರೆ, ಹನ್ನೊಂದು ಗಂಟೆಯ ತನಕ ನಿಲ್ಲುವ ಮಂಜು. ಇಷ್ಟೂ ಇದ್ದಲ್ಲಿ ನಾನು ಒಟ್ಟಿಗೇ ಮಾಡುವ ಕಡೆಗೆ ವಾಲುತ್ತೇನೆ. ಕಾರ್ನಿಯಾ ಮೊದಲು, ಪೊರೆ ಆಮೇಲೆ ಅನ್ನುವ ಮೂರನೇ ದಾರಿಯೂ ಇದೆ. ಅದು ಲೆನ್ಸ್ ಇನ್ನೂ ತಿಳಿಯಾಗಿರುವ, ಹತ್ತಿರದ್ದನ್ನು ಕನ್ನಡಕವಿಲ್ಲದೆ ಓದಬಲ್ಲ ವಯಸ್ಸಿನವರಿಗೆ. ನಿಮ್ಮ ತಾಯಿಯವರಿಗೆ ಅದರಿಂದ ಲಾಭವಿಲ್ಲ, ಕಸಿಯ ನಂತರ ಪೊರೆ ಹೇಗೂ ಬಲಿಯುತ್ತದೆ, ಆಗ ಫೇಕೋ ಹೊಸ ಕೋಶಗಳಿಗೇ ಏಟು ಹಾಕುತ್ತದೆ.

ಕಾರ್ನಿಯಾದ ಕಾಯಿಲೆ ಬೇರೆಯಾಗಿದ್ದರೆ ಈ ಲೆಕ್ಕವೂ ಬೇರೆ. ಕೆರಟೋಕೋನಸ್‌ನಲ್ಲಿ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆ) ಅಥವಾ ಮೇಲ್ಭಾಗದ ಕಲೆಯಲ್ಲಿ ಒಳಪದರ ಗಟ್ಟಿಯಾಗಿರುತ್ತದೆ, ಅಲ್ಲಿ ಮುಂಭಾಗವನ್ನಷ್ಟೇ ಬದಲಾಯಿಸಿ ಹೊಲಿಗೆ ಹಾಕುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಪೊರೆ ತೆಗೆಯುವುದೇ ಸಾಮಾನ್ಯವಾಗಿ ಒಳ್ಳೆಯದು. ಯಾಕೆಂದರೆ ಲೆನ್ಸಿನ ಸಂಖ್ಯೆ.

ಲೆನ್ಸಿನ ಪವರ್ ಲೆಕ್ಕಹಾಕಲು ಕಾರ್ನಿಯಾದ ಬಾಗು ಎಷ್ಟು ಅನ್ನುವುದು ಬೇಕು. ಪೂರ್ತಿ ದಪ್ಪದ ಕಸಿಯಲ್ಲಿ ಹಳೆಯ ಕಾರ್ನಿಯಾವೇ ಉಳಿಯುವುದಿಲ್ಲ, ಹೊಸದರ ಬಾಗು ಹೊಲಿಗೆ ಬಿಚ್ಚುವ ತನಕ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅಲ್ಲಿ ಟ್ರಿಪಲ್ ಅಂದರೆ ಲೆನ್ಸಿನ ವಿಷಯದಲ್ಲಿ ಕತ್ತಲಲ್ಲಿ ಗುರಿಯಿಟ್ಟ ಹಾಗೆ. ಒಳಪದರದ ಕಸಿಯಲ್ಲಿ ಮುಂಬದಿಯ ಬಾಗು ಬಹುಮಟ್ಟಿಗೆ ಹಾಗೇ ಉಳಿಯುವುದರಿಂದ ಲೆಕ್ಕ ಹಿಡಿತಕ್ಕೆ ಸಿಗುತ್ತದೆ. ಆದರೂ ಕಸಿಯಾದ ಮೇಲೆ ಕಣ್ಣು ಪ್ಲಸ್ ಕಡೆಗೆ ಸ್ವಲ್ಪ ಸರಿಯುತ್ತದೆ, ಡಿಸೆಕ್ಕಿನಲ್ಲಿ ಸುಮಾರು ಒಂದರಿಂದ ಒಂದೂವರೆ ಡಯಾಪ್ಟರ್, ಡಿಮೆಕ್ಕಿನಲ್ಲಿ ಅದಕ್ಕಿಂತ ಕಡಿಮೆ. ಅದನ್ನು ಮುಂಚೆಯೇ ಕಳೆದು, ಬೇಕೆಂದೇ ಸ್ವಲ್ಪ ಮೈನಸ್ ಉಳಿಯುವಂತೆ ಲೆನ್ಸ್ ಆರಿಸುತ್ತಾರೆ. ಸಣ್ಣ ಸಂಖ್ಯೆಯ ಕನ್ನಡಕ ಬಂದರೂ ಬರಬಹುದು ಅಂತ ತಾಯಿಯವರಿಗೆ ಈಗಲೇ ಹೇಳಿಡಿ.

ಲೆನ್ಸಿನ ಬಗೆಯಲ್ಲಿ ಎರಡು ಮಾತು. ಒಂದು, ಹೈಡ್ರೋಫಿಲಿಕ್ ಅಕ್ರಿಲಿಕ್ ಬೇಡ, ಹೈಡ್ರೋಫೋಬಿಕ್ ಅಕ್ರಿಲಿಕ್ ಇರಲಿ. ನೀರು ಹಿಡಿಯುವ ಹೈಡ್ರೋಫಿಲಿಕ್ ಲೆನ್ಸಿಗೆ ಗಾಳಿ, ಅನಿಲ ತಾಗಿದರೆ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಕೂತು ಬೆಳ್ಳಗಾಗುವುದುಂಟು. ಕಾರ್ನಿಯಾ ತಿಳಿಯಾಗಿ, ಲೆನ್ಸು ಮಬ್ಬಾಗಿ, ಅದನ್ನು ಬದಲಾಯಿಸಲು ಮತ್ತೆ ಹೊಸ ಕೋಶಗಳ ಮುಂದೆ ಕತ್ತರಿ ಆಡಿಸಬೇಕಾಗುತ್ತದೆ. ಮುಂದೆ ಕಸಿ ಬೇಕಾಗಬಹುದು ಅನ್ನುವ ಕಣ್ಣಿಗೆ ಬರೀ ಪೊರೆ ಆಪರೇಷನ್ ಮಾಡಿಸಿದರೂ ಇದೇ ಎಚ್ಚರ ಬೇಕು. ಎರಡು, ದೂರಕ್ಕೂ ಹತ್ತಿರಕ್ಕೂ ಒಂದೇ ಅನ್ನುವ ಮಲ್ಟಿಫೋಕಲ್ ಲೆನ್ಸಿನ ಆಸೆ ಬಿಡಿ. ಅದು ಬೆಳಕನ್ನು ಹಂಚುತ್ತದೆ, ಕಾರ್ನಿಯಾ ಹೇಗೂ ಒಂದಷ್ಟು ಬೆಳಕನ್ನು ಚೆದುರಿಸುತ್ತದೆ, ಎರಡೂ ಸೇರಿದರೆ ನೋಟ ಕಳೆಗುಂದುತ್ತದೆ.

ಹೊಸ ದಾರಿಗಳ ಬಗ್ಗೆ ನಿಮಗೆ ಯಾರಾದರೂ ಹೇಳಬಹುದು. ಉಬ್ಬುಗಳು ನಡುವಿನ ನಾಲ್ಕೈದು ಮಿಲಿಮೀಟರಿನಲ್ಲಷ್ಟೇ ಇದ್ದು ಅಂಚಿನಲ್ಲಿ ಕೋಶ ಚೆನ್ನಾಗಿದ್ದರೆ, ಕೆಟ್ಟ ಹಾಳೆಯನ್ನು ಸುಲಿದು ಕಸಿಯೇ ಹಾಕದೆ ಬಿಡುವ ವಿಧಾನವಿದೆ, ಅಂಚಿನ ಕೋಶಗಳು ಸರಿದು ಬಂದು ನಡುವನ್ನು ತುಂಬುತ್ತವೆ. ಪೊರೆಯ ಜೊತೆಗೂ ಮಾಡಬಹುದು, ಆದರೆ ತಿಳಿಯಾಗಲು ವಾರಗಳು, ತಿಂಗಳುಗಳು ಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನೇ ಸೂಜಿಯಲ್ಲಿ ಕಣ್ಣಿಗೆ ಬಿಡುವ ಚಿಕಿತ್ಸೆಯ ಫಲಿತಾಂಶವನ್ನು ಜಪಾನಿನ ಕ್ಯೋಟೋದ ತಂಡವೊಂದು 2018ರಲ್ಲಿ ಪ್ರಕಟಿಸಿತು. ಬರಲಿ, ಸಂತೋಷ. ನಿಮ್ಮ ತಾಯಿಯವರು ಅದಕ್ಕಾಗಿ ಕಾಯುತ್ತಾ ಕೂರಬೇಕಾಗಿಲ್ಲ.

ಆಪರೇಷನ್ ಆದ ಮೇಲೆ ಸ್ಟೀರಾಯ್ಡ್ ಹನಿ ಪೊರೆಯವರ ಹಾಗೆ ಒಂದು ತಿಂಗಳಿಗೆ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ, ಎಷ್ಟೋ ಜನಕ್ಕೆ ದಿನಕ್ಕೊಂದು ಹನಿ ವರ್ಷ ಮೀರಿ ಮುಂದುವರಿಸುತ್ತೇವೆ. ಆ ಹನಿಯಿಂದ ಕೆಲವರಲ್ಲಿ ಕಣ್ಣಿನ ಒತ್ತಡ ಏರುತ್ತದೆ, ನೋವಿಲ್ಲದೆ ಏರುತ್ತದೆ, ಆದ್ದರಿಂದ ಚೆನ್ನಾಗಿ ಕಾಣುತ್ತಿದೆ ಅಂತ ತಪಾಸಣೆ ತಪ್ಪಿಸಬಾರದು. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ತಿಳಿಯಾಗಿದ್ದ ನೋಟ ಮತ್ತೆ ಮಂಜಾಗುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಅದೇ ದಿನ ತೋರಿಸಿ. ತಿರಸ್ಕಾರವನ್ನು ಬೇಗ ಹಿಡಿದರೆ ಹೆಚ್ಚಿನ ಸಲ ಹನಿಯಲ್ಲೇ ತಡೆಯಬಹುದು. ಇನ್ನೊಂದು ಕಣ್ಣನ್ನು, ಮೊದಲ ಕಣ್ಣು ನೆಲೆಗೊಂಡು ಅದರ ಸಂಖ್ಯೆ ಎಷ್ಟು ಸರಿಯಿತು ಅಂತ ಗೊತ್ತಾದ ಮೇಲೆ ಮಾಡಿಸಿ. ಮೊದಲ ಕಣ್ಣು ಎರಡನೆಯದರ ಲೆಕ್ಕಕ್ಕೆ ದಾರಿ ತೋರಿಸುತ್ತದೆ.

ಈಗ ನೀವು ಮಾಡಬೇಕಾದ ಕೆಲಸ. ಮನೆಯಲ್ಲಿ ಗೋಡೆಯ ಕ್ಯಾಲೆಂಡರನ್ನು ಒಂದೇ ಜಾಗದಿಂದ, ಒಂದೊಂದೇ ಕಣ್ಣು ಮುಚ್ಚಿ, ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಒಮ್ಮೆ ಓದಿಸಿ. ಯಾವ ಸಾಲಿನ ತನಕ ಕಂಡಿತು, ಮಂಜು ಎಷ್ಟು ಗಂಟೆಗೆ ಸರಿಯಿತು ಅಂತ ಒಂದು ವಾರ ಬರೆದಿಡಿ. ಆ ಹಾಳೆಯನ್ನು ಇಬ್ಬರು ವೈದ್ಯರ ಮುಂದೆಯೂ ಇಡಿ. ಮತ್ತೆ ತೋರಿಸಲು ಹೋಗುವಾಗ ದಿನದ ಮೊಟ್ಟಮೊದಲ ಸಮಯವನ್ನೇ ಕೇಳಿ ತೆಗೆದುಕೊಳ್ಳಿ. ಇದುವರೆಗೆ ಅವರ ಕಾರ್ನಿಯಾದ ದಪ್ಪ ಅಳೆದದ್ದು ಎಷ್ಟು ಗಂಟೆಗೆ ಅಂತ ನೀವು ಬರೆದಿಲ್ಲ. ಮಧ್ಯಾಹ್ನ ಅಳೆದಿದ್ದರೆ ‘ಆಮೇಲೆ ನೋಡೋಣ’ ಅಂದವರು ನೋಡಿದ್ದು, ಊತ ಇಳಿದ ಮೇಲಿನ ಕಾರ್ನಿಯಾವನ್ನೇ ಇರಬಹುದು.